ತೊಟ್ಟಿಲಿನ ಅಂಚು

ತೊಟ್ಟಿಲು ಕಾರ್ಖಾನೆಯಿಂದ ಹೊರಗೆ ಹೋಗುವ ಮುಂಚೆ ಹಿರಿಯ ಬಡಗಿ ಅದರ ಅಂಚನ್ನು ಒಮ್ಮೆ ನೆಕ್ಕಿ ನೋಡುತ್ತಿದ್ದ. ಹಲ್ಲು ಬರುವ ಕೂಸು ಮೊದಲು ಕಚ್ಚುವುದು ಅಲ್ಲಿಯೇ ಎಂದು ಅವನಿಗೆ ಗೊತ್ತಿತ್ತು. ಒಂದು ವಾರದ ರಜೆ ಮುಗಿಸಿ ಬಂದ ದಿನ, ತಾನಿಲ್ಲದಾಗ ಬೇರೆಯವರು ಮಾಡಿದ್ದ ತೊಟ್ಟಿಲನ್ನು ನೆಕ್ಕಿದರೆ ನಾಲಿಗೆ ಚುರ್ರೆಂದಿತು. ಬಾಗಿಲಾಚೆ ಹೋಗಿ ಮೂರು ಸಲ ಉಗಿದರೂ ಅಂಟಿನ ಘಾಟು ಗಂಟಲು ಬಿಡಲಿಲ್ಲ.

"ಏನ್ ಭಾವ ಇದು? ಹಳೇ ಮನೆಗಳ ತೊಲೆ ಕೊಯ್ದು ಮಾಡೋದು ಅಂತ ಮಾತಾಗಿತ್ತಲ್ಲ? ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ಈ ಹಲಗೆ ಯಾಕೆ ತಂದ್ರಿ?" ಎಂದು ಒಳಗೆ ಬಂದು ಕೇಳಿದ.

"ತೊಲೆ ಎರಡು ಪಟ್ಟು ದುಬಾರಿ ಕಣೋ," ಎಂದ ಕಾರ್ಖಾನೆಯ ಯಜಮಾನನಾದ ಭಾವ, ತೊಟ್ಟಿಲಿಗೆ 'ಮಗುವಿಗೆ ಸುರಕ್ಷಿತ' ಎಂಬ ಹಸಿರೆಲೆಯ ಚೀಟಿ ಅಂಟಿಸುತ್ತ. "ಜನ ಈ ಎಲೆ ನೋಡಿ ತಗೋತಾರೆ. ತೊಟ್ಟಿಲು ಯಾರಾದ್ರೂ ನೆಕ್ತಾರೇನೋ, ನಿನ್ನ ಬಿಟ್ಟು?"

"ಹಾಗಾದ್ರೆ ನಿಮ್ಮ ಮೊಮ್ಮಗಳಿಗೂ ಇದನ್ನೇ ಕಳಿಸಲಾ?"

ಭಾವನ ಕೈ ಅಲ್ಲೇ ನಿಂತಿತು. "ಅವಳಿಗೆ ಮಾತ್ರ... ತೊಲೆಯದ್ದೇ ಒಂದು ಮಾಡಿಬಿಡು," ಎಂದ ಮೆಲ್ಲಗೆ.

ಬಡಗಿ ತೊಟ್ಟಿಲನ್ನು ಎತ್ತಿ ತಂದು ಭಾವನ ಮೂಗಿನ ಕೆಳಗೇ ಕುಕ್ಕಿದ.

"ಮಾಡ್ತೀನಿ. ಎಲ್ಲಾ ಕೂಸುಗಳಿಗೂ ಅದರಲ್ಲೇ ಮಾಡ್ತೀನಿ. ಬೇಡ ಅನ್ನೋದಾದ್ರೆ, ಮೊದಲು ಇದರ ಅಂಚು ನೆಕ್ಕಿ."