ಗದ್ದುಗೆಗೆ ಇಟ್ಟ ಗುಳಿಗೆ

ಸುಳ್ಳಿಗೆ ತೆರಿಗೆ ಹಾಕಿದ್ದರೆ, ಖಾನಾಪುರದ ಬಾಳವ್ವನೊಬ್ಬಳಿಂದಲೇ ಸಾಂಬ್ರಾದಲ್ಲಿ ಇನ್ನೆರಡು ವಿಮಾನ ನಿಲ್ದಾಣ ಎದ್ದಿರುತ್ತಿದ್ದವು. ಆಕೆಯ ಎಮ್ಮೆ ಹಾಲು ಕೊಟ್ಟರೆ ಮಲಪ್ರಭೆಗೆ ಮಹಾಪೂರ. ಆಕೆ ಸೀನಿದರೆ ಹಲಸಿಯ ಗುಡಿಗಂಟೆ ತಾನಾಗಿ ಬಾರಿಸಿಕೊಳ್ಳುತ್ತಿತ್ತು. ಎಚ್‌ಐವಿ ತಗುಲಿ ಹದಿನಾಲ್ಕು ವರ್ಷವಾದರೂ ಆ ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಸೋಮವಾರ ಮಧ್ಯಾಹ್ನ ರಾಮತೀರ್ಥ ನಗರದ ಮಠದಲ್ಲಿ, ಲಿಂಗೈಕ್ಯರಾದ ಅಜ್ಜಾರ ಗದ್ದುಗೆಯ ಮುಂದೆ, ಅದೇ ಸೋಂಕಿನವರ ಬಳಗ ಕೂಡುತ್ತಿತ್ತು. ವಚನ ಹಾಡಿ, ಸುಖದುಃಖ ಆಡಿ, ಪ್ರಸಾದ ಉಂಡು ಏಳುವುದು. ಬಳಗ ನಡೆಸುವ ಕಲ್ಲಯ್ಯ ಪ್ರತಿ ಸಲ ಹೇಳುವುದು ಒಂದೇ: "ಗುಳಿಗಿನೂ ಪ್ರಸಾದನ ಐತ್ರಿ. ಒಂದ್ ದಿನಾನೂ ತಪ್ಪಿಸಬ್ಯಾಡ್ರಿ."

ಹೋದ ವರ್ಷ ಪ್ರಸಾದದ ಪಂಕ್ತಿಯಲ್ಲಿ ಬಾಳವ್ವ ಬೀಗಿದಳು: "ನಾ ಗುಳಿಗಿ ಡಬ್ಬಿ ಅಜ್ಜಾರ ಗದ್ದುಗಿಗೆ ಮುಡಿಪು ಇಟ್ಟೆ. ಹನ್ನೊಂದು ಸೋಮಾರ ಮುಟ್ಟಲಿಲ್ಲ. ನನ್ನ ರಕ್ತದಾಗ ರೋಗನ ಇಲ್ಲದ್ದ ನೋಡಿ ಡಾಕ್ಟರು ಕುರ್ಚಿಯಿಂದ ಬಿದ್ರಲಾ!"

ಎಲ್ಲರೂ ನಕ್ಕರು. ಆಕೆ ಒಂದು ಹೊತ್ತೂ ಗುಳಿಗೆ ಬಿಟ್ಟವಳಲ್ಲ. ನಗದೆ ಕೇಳಿದವಳು ಗೆಳತಿ ಫಕೀರವ್ವ. ಮುಂದಿನ ವಾರ ಮಠಕ್ಕೆ ಬರುವ ಬಸ್ಸಿನಲ್ಲಿ ಆಕೆ ಪಿಸುಗುಟ್ಟಿದಳು: "ನಿನ್ನಂಗ ನಾನೂ ಇಟ್ಟೇನಿ, ಬಾಳಕ್ಕಾ." ಅದು ಸುಳ್ಳವ್ವಾ ಎನ್ನಲು ಬಾಳವ್ವನಿಗೆ ನಾಚಿಕೆಯಾಯಿತು. ಮುಡಿಪಿಗಿಟ್ಟದ್ದನ್ನು ಹರಕೆ ಮುಗಿಯುವ ತನಕ ಮುಟ್ಟುವಂತಿಲ್ಲ, ಫಕೀರವ್ವ ಮುಟ್ಟಲಿಲ್ಲ. ಯುಗಾದಿಗೆ ಕೆಮ್ಮು ಹಿಡಿಯಿತು, ಪಂಚಮಿಗೆ ಮಣ್ಣಾದಳು.

ಅಂದಿನಿಂದ ಮುನ್ನೂರು ಜನ ಜೋತುಬಿದ್ದ ಬಸ್ಸಿನಲ್ಲೂ ಬಾಳವ್ವನ ಬಾಜೂ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಕೂರುವವಳು ಮಣ್ಣಾದ ಫಕೀರವ್ವ ಒಬ್ಬಳೇ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ದೇಸೂರು ದಾಟಿದ ಮೇಲೆ ಒಂದೇ ಮಾತು: "ಇನ್ನ ಎಷ್ಟ್ ಸೋಮಾರ ಉಳದಾವ, ಬಾಳಕ್ಕಾ?"

ಈ ಸೋಮವಾರ ಹೊಸಬಳೊಬ್ಬಳು ಬಂದಳು. ದಾನೇಶ್ವರಿ, ಆರು ತಿಂಗಳ ಬಸುರಿ. ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯನ್ನು ಗದ್ದುಗೆಯ ಮೇಲಿಟ್ಟು ಕೈಮುಗಿದಳು.

"ಏನವಾ ಅದು?" ಬಾಳವ್ವ ಕೇಳಿದಳು.

"ಗುಳಿಗಿರೀ. ಹನ್ನೊಂದು ಸೋಮಾರದ ಮುಡಿಪು. ಇಲ್ಲೇ ಒಬ್ಬಾಕಿ ರಕ್ತ ನೋಡಿ ಮೂರು ಮಂದಿ ಡಾಕ್ಟರು ಎಚ್ಚರ ತಪ್ಪಿದ್ರಂತಲ್ಲ! ಕೂಸಿಗೂ ಒಳ್ಳೇದಾಗ್ತೈತಿ."

ಬಾಳವ್ವನ ಕಿವಿಯ ಹತ್ತಿರ, ಹಾಡುಹಗಲು, ಯಾರೋ ಕೆಮ್ಮಿದರು. ಆಕೆ ಕೈಚಾಚಿ ಗದ್ದುಗೆಯ ಮೇಲಿನ ಗಂಟನ್ನು ಎತ್ತಿಕೊಂಡಳು.

"ಮುಡಿಪು ಮುಟ್ಟಿದೆಲ್ಲಬೇ!" ಗಂಟಿನಲ್ಲಿ ಏನಿದೆಯೆಂದು ತಿಳಿಯದ ಕಲ್ಲಯ್ಯ ದೂರದಿಂದಲೇ ಚೀರಿದ.

"ಆ ಒಬ್ಬಾಕಿ ನಾನ. ಸುಳ್ಳ ಹೇಳಿದ್ದೆ."

ದಾನೇಶ್ವರಿ ಗಂಟು ಕಸಿದುಕೊಂಡು ಹಿಂದೆ ಸರಿದಳು. "ಈಗ ಹೇಳೂದರ ಖರೇ ಅಂತ ಹೆಂಗ ನಂಬ್ಲಿ?"

ಸಾಸಿವೆಯನ್ನು ಗುಡ್ಡ ಮಾಡುತ್ತಿದ್ದ ನಾಲಿಗೆಗೆ ಆಗ ಒಂದು ಅಲಂಕಾರವೂ ಸಿಗಲಿಲ್ಲ.

"ಫಕೀರವ್ವ ನಂಬಿದ್ಲು. ಸತ್ಲು."

ಕಲ್ಲಯ್ಯ ಬಾಳವ್ವನ ಎದುರಿಗೆ ಬಂದು ನಿಂತ. "ನಿನಗ ಗೊತ್ತಿತ್ತೇನು?"

"ನನಗ ಹೇಳಿದ್ಲು. ನಾ ಸುಮ್ನಿದ್ದೆ."

ದಾನೇಶ್ವರಿ ಗಂಟು ಬಿಚ್ಚಿ, ಮುಂಜಾನೆ ಬಿಟ್ಟಿದ್ದ ಗುಳಿಗೆಯನ್ನು ನೀರಿಲ್ಲದೆ ನುಂಗಿದಳು. ಆಮೇಲೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಬಾಳವ್ವನಿಗೆ ಬೆನ್ನು ಮಾಡಿ ಕೂತಳು.