ಗಡಿಯಾರಕ್ಕೆ ಕೀಲಿ ಕೊಟ್ಟವನು

ಡಾಕ್ಟರೇಟ್ ಪ್ರಬಂಧವನ್ನು ಹಾಲೆಂಡಿನಲ್ಲೂ ಯಾರೂ ಓದುವುದಿಲ್ಲ. ಅದರೊಳಗೆ ಸಿಕ್ಕಿಸಿ ಕೊಡುವ ವಾದಗಳ ಹಾಳೆಯನ್ನು ಮಾತ್ರ ನೆಂಟರಿಷ್ಟರೆಲ್ಲ ಓದಿ ತಲೆದೂಗುತ್ತಾರೆ.

ಹಿಲ್ಕೆಯ ಅಪ್ಪ, ಪಾದ್ರಿ ಸೀಬ್ರೆನ್, ಓದಿದ್ದೂ ಆ ಹಾಳೆಯನ್ನೇ. ‘ಹುಟ್ಟಿನ ಹೊತ್ತಿಗೆ ವಿಶ್ವ ಅತ್ಯಂತ ವ್ಯವಸ್ಥಿತವಾಗಿತ್ತು, ಅಂದಿನಿಂದ ಆ ವ್ಯವಸ್ಥೆ ಕದಡುತ್ತಲೇ ಇದೆ’ ಎಂಬ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಭಾನುವಾರ ಪೀಠ ಹತ್ತಿ ಸಾರಿಬಿಟ್ಟರು. ಗಡಿಯಾರ ನಿಧಾನವಾಗುತ್ತಿದೆ ಎಂದಮೇಲೆ ಕೀಲಿ ಕೊಟ್ಟವನೊಬ್ಬ ಇರಲೇಬೇಕು, ಉಷ್ಣಚಲನಶಾಸ್ತ್ರದ ನಿಯಮದಿಂದಲೇ ನನ್ನ ಮಗಳು ಅದನ್ನು ಸಾಬೀತು ಮಾಡಿದ್ದಾಳೆ ಎಂದು! ಪ್ರಬಂಧದ ಬಹಿರಂಗ ಪರೀಕ್ಷೆಯ ದಿನ ಅದನ್ನು ಅವಳ ಬಾಯಿಂದಲೇ ಕೇಳಲು ಚರ್ಚಿನ ಜನರೆಲ್ಲ ಬಸ್ಸು ಮಾಡಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದಿದ್ದರು.

ಈ ವಿಷಯ ಹಿಲ್ಕೆಗೆ ಗೊತ್ತಾದದ್ದು ಸಭಾಂಗಣದ ಬಾಗಿಲಲ್ಲಿ.

“ಅಕ್ಕ, ಏನಾದ್ರೂ ಹೇಳಿ ಜಾರ್ಕೋ,” ಎಂದಿದ್ದಳು ತಂಗಿ ಯೆಲ್ಲಿ. “ಇಲ್ದಿದ್ರೆ ಅಪ್ಪನ ಮಾನ ಹರಾಜಾಗುತ್ತೆ.”

ಈಗ ಹಿಲ್ಕೆ ಕಟಕಟೆಯಲ್ಲಿ ನಿಂತಿದ್ದಳು. ಎದುರಿಗೆ ಕಪ್ಪು ನಿಲುವಂಗಿಯ ಪ್ರೊಫೆಸರುಗಳು, ಮುಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕೂತ ಅಪ್ಪ. ಯಾವ ಪ್ರಶ್ನೆ ಬರಬಾರದೆಂದು ಅವಳು ಬೇಡಿಕೊಂಡಿದ್ದಳೋ, ಅದನ್ನೇ ಪ್ರೊಫೆಸರ್ ಟರ್ಪ್‌ಸ್ಟ್ರಾ ಎತ್ತಿಕೊಂಡರು.

“ನಿಮ್ಮ ಹಾಳೆಯ ಮೊದಲ್ನೇ ಸಾಲು. ಎಲ್ಲ ಕದಡ್ತಾ ಹೋಗುತ್ತೆ ಅನ್ನೋ ನಿಯಮ ವಿಶ್ವದ ಹುಟ್ಟಿಗೂ ಅನ್ವಯಿಸುತ್ತಾ? ಹೌದೋ, ಅಲ್ವೋ?”

ಅಪ್ಪ ಮುಂದಕ್ಕೆ ಬಾಗಿದರು.

“ಮಹಾವಿದ್ವಾಂಸರಾದ ಪರೀಕ್ಷಕರೇ,” ಎಂದಳು ಹಿಲ್ಕೆ. ಪ್ರತಿ ಉತ್ತರಕ್ಕೂ ಹೀಗೆ ಸಂಬೋಧಿಸುವುದು ಕಡ್ಡಾಯ. ಅಷ್ಟು ಹೊತ್ತಾದರೂ ಉಸಿರಾಡಬಹುದು. “ಮೊದಲು, ವ್ಯವಸ್ಥೆ ಅಂದ್ರೇನು ಅಂತ ನೋಡೋಣ...”

ನೋಡಿದಳು, ನೋಡಿದಳು, ನೋಡುತ್ತಲೇ ಹೋದಳು. ಕಾಫಿ ಆರುವುದನ್ನು ವಿವರಿಸಿದಳು, ಹಬೆ ಯಂತ್ರವನ್ನು ಎಳೆದು ತಂದಳು. ಕಿವಿಯೆಲ್ಲ ಬಾಗಿಲಿನ ಕಡೆಗೇ ಇತ್ತು. ಗೊತ್ತುಪಡಿಸಿದ ಹೊತ್ತು ಮುಗಿದಾಗ ವಿಶ್ವವಿದ್ಯಾಲಯದ ದಂಡಧಾರಿ ಬಂದು ಕೋಲು ಕುಟ್ಟಿದರೆ ಪರೀಕ್ಷೆ ಮುಗಿಯಿತು. ಅರ್ಧ ವಾಕ್ಯದಲ್ಲೂ ಬಾಯಿ ಮುಚ್ಚಬಹುದು, ಯಾರೂ ಕೇಳುವ ಹಾಗಿಲ್ಲ.

“ಅಮ್ಮಾ, ನಾನು ಕೇಳಿದ್ದು ಕಾಫಿ ಬಗ್ಗೆ ಅಲ್ಲ,” ಎಂದರು ಟರ್ಪ್‌ಸ್ಟ್ರಾ. ಸಭೆ ನಕ್ಕಿತು. ಅಪ್ಪ ನಗಲಿಲ್ಲ.

ಹಿಲ್ಕೆ ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. “ಮಹಾವಿದ್ವಾಂಸರಾದ ಪರೀಕ್ಷಕರೇ, ಹುಟ್ಟಿನ ವಿಷಯಕ್ಕೆ ಬಂದ್ರೆ, ಆ ನಿಯಮ...”

ಬಾಗಿಲು ತೆರೆಯಿತು. ದಂಡಧಾರಿಯ ಬೆಳ್ಳಿಯ ಕೋಲು ನೆಲಕ್ಕೆ ಬಡಿಯಿತು. ಹೊತ್ತಾಯಿತೆಂದು ಲ್ಯಾಟಿನ್ನಿನಲ್ಲಿ ಕೂಗಿದ.

ಬದುಕಿದೆ ಅನ್ನಿಸಿತು ಅವಳಿಗೆ. ಅಲ್ಲಿನ ಪದ್ಧತಿಯಂತೆ ಸಂಗಾತಿಯಾಗಿ ಪಕ್ಕದಲ್ಲಿ ನಿಂತಿದ್ದ ಯೆಲ್ಲಿ ನಿಟ್ಟುಸಿರುಬಿಟ್ಟಳು. ಅಪ್ಪ ಹಿಂದಿನ ಸಾಲಿನವರ ಕಡೆ ತಿರುಗಿ, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದರು. ಅದನ್ನು ಕಂಡದ್ದೇ ಹಿಲ್ಕೆ ಕೈ ಎತ್ತಿದಳು. ಅಧ್ಯಕ್ಷರು ಆಗಲೇ ಏಳಲೆಂದು ಟೋಪಿಗೆ ಕೈ ಹಾಕಿದ್ದರು.

“ವಾಕ್ಯ ಮುಗಿಸೋಕೆ ಅನುಮತಿ ಕೊಡಿ,” ಎಂದಳು.

ಅಧ್ಯಕ್ಷರು ಆಗಲೆಂದು ತಲೆಯಾಡಿಸಿದರು.

“ಆ ನಿಯಮ ಕಾಲದೊಳಗೆ ನಡೆಯೋ ಸಂಗತಿಗಳದ್ದು. ಕಾಲವೇ ಶುರುವಾದ ಕಡೆ ಅದು ನಡೆಯುತ್ತೆ ಅಂತ ಯಾರೂ ತೋರಿಸಿಲ್ಲ. ಅದನ್ನಿಟ್ಕೊಂಡು ಕೀಲಿ ಕೊಟ್ಟವನು ಇದ್ದಾನೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ನನಗೆ ಗೊತ್ತಿಲ್ಲ.”

ಪ್ರೊಫೆಸರುಗಳು ನಿರ್ಣಯಕ್ಕೆಂದು ಸಾಲಾಗಿ ಒಳಕೋಣೆಗೆ ನಡೆದರು. ಚರ್ಚಿನ ಹಿರಿಯ ಹಾರ್ಮನ್, ಇಡೀ ಸಭೆಗೆ ಕೇಳುವಂತೆ, “ಹಂಗಾದ್ರೆ ಭಾನುವಾರ ನೀವು ಹೇಳಿದ್ದೇನು, ಪಾದ್ರಿಗಳೇ?” ಎಂದ.

ಸೀಬ್ರೆನ್ ಎದ್ದು ನೇರ ಮಗಳ ಬಳಿಗೆ ಬಂದರು. ಮುಖ ಸುಣ್ಣದಂತಾಗಿತ್ತು.

“ಕೋಲು ಕುಟ್ಟಿ ಆಗಿತ್ತಲ್ಲ. ಸುಮ್ನಿರಬಹುದಿತ್ತು.”

“ಇರಬಹುದಿತ್ತಪ್ಪ.”

“ಮತ್ತೆ?”

“ನೀವು ಅವರ ಕಡೆ ತಿರುಗಿದ್ರಿ. ನಾನು ಸುಮ್ನಿದ್ದಿದ್ರೆ ಅದು ಸುಳ್ಳಾಗ್ತಿತ್ತು.”

ಅವರು ದಂಡಧಾರಿಯ ಕೋಲಿನ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

“ಬರೋ ಭಾನುವಾರ ಊರಿಗೆ ಬಾ. ಮುಂದಿನ ಸಾಲಲ್ಲಿ ಕೂತ್ಕೋ. ‘ಗೊತ್ತಿಲ್ಲ’ ಅಂತ ಆ ಪೀಠದಿಂದ ನಾನು ಯಾವತ್ತೂ ಹೇಳಿದೋನಲ್ಲ, ಮಗಾ. ನೀನು ಎದುರಿಗಿದ್ರೆ ಹೇಳ್ತೀನಿ.”