ರಾಣಿಯ ಮುಖಕ್ಕೆ ನೀರು

ಹದಿನಾರು ವರ್ಷದ ಹುಡುಗನಿಗೆ ಮೊಡವೆ ಬಂದರೆ ಊರೇನೂ ಮುಳುಗುವುದಿಲ್ಲ. ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಮುರುಗೇಶನ ಮುಖ ಅವನೊಬ್ಬನ ಸ್ವತ್ತಾಗಿರಲಿಲ್ಲ, ಅದೇ ತೊಂದರೆ. ಶಿವಮೊಗ್ಗದಲ್ಲಿ ಬಂಗಾರಪ್ಪ ಮೇಷ್ಟ್ರು ಕಟ್ಟಿದ ನಾಟಕ ಮಂಡಳಿಯಲ್ಲಿ ಎರಡು ವರ್ಷದಿಂದ ರಾಣಿಯ ಪಾತ್ರ ಅವನದು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಹಿಂದಿನ ಮಾತಿದು. ಆಗ ಹೆಣ್ಣುಮಕ್ಕಳನ್ನು ರಂಗಕ್ಕೆ ಕಳಿಸುವ ಮನೆ ಎಲ್ಲಿತ್ತು? ಮೀಸೆ ಚಿಗುರದ ಹುಡುಗರೇ ಸೀರೆ ಉಟ್ಟು ಅಳಬೇಕು, ನಗಬೇಕು, ರಾಜನ ಕಾಲಿಗೆ ಬೀಳಬೇಕು. ಮುರುಗೇಶ ಅತ್ತನೆಂದರೆ ಮುಂದಿನ ಸಾಲಿನ ಸಾಹುಕಾರರೂ ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೇಷ್ಟ್ರದು ಒಂದು ಕಟ್ಟಳೆ. ವಾರಕ್ಕೆ ಮೂರು ಸಂಜೆ ತಾಲೀಮು. ಮಿಕ್ಕವರು ಹೇಗೆ ಬಂದರೂ ಸರಿಯೆ, ರಾಣಿ ಮಾತ್ರ ಬಣ್ಣ ಹಚ್ಚಿಯೇ ನಿಲ್ಲಬೇಕು. ಬಣ್ಣ ಮುಖಕ್ಕೆ ಒಗ್ಗಬೇಕು ಎನ್ನುವುದು ಅವರ ವಾದ. ಸಫೇದಾ ಎಂಬ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹಣೆಯಿಂದ ದವಡೆಯವರೆಗೆ ತಾವೇ ಬಳಿಯುತ್ತಿದ್ದರು. ಮುಗಿದ ಮೇಲೆ ಇನ್ನಷ್ಟು ಎಣ್ಣೆ ಸುರಿದು, ಹಳೇ ಪಂಚೆಯ ಚಿಂದಿಯಲ್ಲಿ ಒರೆಸಿ, ಹಾಗೇ ಮಲಗಬೇಕು. ಮಾರನೆಯ ದಿನದವರೆಗೆ ನೀರು ಸೋಕಕೂಡದು. "ಬಣ್ಣ ತೆಗೆದ ಮುಖಕ್ಕೆ ನೀರು ಬಿತ್ತೋ, ಮುಖದ ಕಳೆ ಹೋಯ್ತು ಅಂತ ತಿಳ್ಕೋ," ಎನ್ನುತ್ತಿದ್ದರು. ಮೇಷ್ಟ್ರ ಮಾತಿಗೆ ಎದುರಾಡುವವರು ಯಾರು?

ಅಂಥ ಮುಖದ ಮೇಲೆ ಮೊಡವೆ ಎದ್ದವು. ಒಂದಲ್ಲ ಎರಡಲ್ಲ, ಹಣೆ, ಕೆನ್ನೆ, ಗದ್ದ, ಎಲ್ಲ ಕಡೆ ಕೆಂಪಗೆ ಊದಿಕೊಂಡು, ಮುಟ್ಟಿದರೆ ಜೀವ ಹೋಗುವಂಥವು. ಅಜ್ಜಿ ಹುಚ್ಚಮ್ಮ ಜಾಜಿಕಾಯಿ ತೇಯ್ದು ಗಂಧದ ಜೊತೆ ಹಚ್ಚಿದಳು. ಬೆಳಿಗ್ಗೆ ಬಾಯಿ ತೊಳೆಯುವ ಮುಂಚೆ ತನ್ನ ಎಂಜಲನ್ನೇ ಹಚ್ಚಿಕೊಳ್ಳಬೇಕೆಂದು ಪಕ್ಕದ ಮನೆಯವರು ಹೇಳಿದರು, ಅದೂ ಆಯಿತು. ಕಾಂಪೌಂಡರ್ ಸುಬ್ಬಪ್ಪ ಗಂಧಕದ ಮುಲಾಮು ಕೊಟ್ಟ. ಅದನ್ನು ಹಚ್ಚಿಕೊಂಡು ಸ್ಕೂಲಿಗೆ ಹೋದರೆ ಬೆಂಚಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದ. ಯಾವುದಕ್ಕೂ ಮೊಡವೆ ಜಗ್ಗಲಿಲ್ಲ. "ಪ್ರಾಯದ ಮೊಡವೆ ಕಣೋ, ಮದ್ವೆ ಆದ್ರೆ ತಾನೇ ಹೋಗುತ್ತೆ," ಎಂದು ಅಜ್ಜಿ ಕೈಚೆಲ್ಲಿದಳು. ಮೊಡವೆಗೋಸ್ಕರ ಮದುವೆ ಆಗುವುದುಂಟೇ!

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಬೇಜಾರು ಮಾಡ್ಕೋಬೇಡ ಮಾರಾಯ. ಬಣ್ಣದ ಕೆಳಗೆ ರಾಗಿ ಚೆಲ್ದಂಗೆ ಕಾಣುತ್ತೆ. ರಾಣಿಗೇನು ಸಿಡುಬು ಆಗಿತ್ತಾ ಅಂತ ಜನ ಕೇಳ್ತಾರೆ. ಈ ಸಲ ಗಂಗಾಧರ ಮಾಡ್ಲಿ. ನಿಂಗೆ ಮಾತೆಲ್ಲ ಬಾಯಿಪಾಠ ಇದ್ಯಲ್ಲ, ಪರದೆ ಹಿಂದೆ ನಿಂತು ಎತ್ತಿಕೊಡು."

ಗಂಗಾಧರ ಅಂದರೆ ಭದ್ರಾವತಿಯ ಹುಡುಗ, ಮುರುಗೇಶನಿಗಿಂತ ಒಂದು ಕ್ಲಾಸು ಕೆಳಗೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಓದಲು ಬರುತ್ತಿದ್ದ. ಮುಖವೋ, ಆಗತಾನೆ ಸುಲಿದ ಬಾಳೆಹಣ್ಣು! ಮುರುಗೇಶ ಉಟ್ಟಿದ್ದ ಸೀರೆಯನ್ನೇ ಉಟ್ಟು, ಮುರುಗೇಶ ಹಾಕುತ್ತಿದ್ದ ಡಾಬನ್ನೇ ಸೊಂಟಕ್ಕೆ ಬಿಗಿದು ಅವನು ಬಂದು ನಿಂತಾಗ ಮಂಡಳಿಯವರೆಲ್ಲ ಒಂದೇ ಬಾಯಲ್ಲಿ ಅಬ್ಬಬ್ಬಾ ಅಂದರು. ಆ ಅಬ್ಬಬ್ಬಾ ಎರಡು ವರ್ಷ ತನಗೆ ಸಂದದ್ದು. ಮುರುಗೇಶನ ಹೊಟ್ಟೆಗೆ ಕೆಂಡ ಬಿದ್ದಂತಾಯಿತು.

ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ, ಪುಸ್ತಕ ಹಿಡಿದರೆ ಅಕ್ಷರ ಹತ್ತಲಿಲ್ಲ. ಪರದೆಯ ಹಿಂದೆ ನಿಂತು, ತನ್ನದೇ ಮಾತುಗಳನ್ನು ಇನ್ನೊಬ್ಬನ ಬಾಯಿಗೆ ಇಡಬೇಕು. ಗಂಗಾಧರ ಮಾತು ಮರೆತು ಇತ್ತ ಕಣ್ಣು ಹೊರಳಿಸಿದಾಗ ಮುರುಗೇಶ ಬೇಕೆಂದೇ ತಡ ಮಾಡುತ್ತಿದ್ದ. ಒಂದು ಉಸಿರು, ಎರಡು ಉಸಿರು. ಅವನ ಬಾಯಿ ಒಣಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಎತ್ತಿಕೊಡುತ್ತಿದ್ದ. ಇದು ತಪ್ಪೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಮಾಡುವುದರಲ್ಲಿ ಒಂದು ರುಚಿ ಇತ್ತು.

ಮೂರು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಒಂದು ಸೋಜಿಗ ನಡೆಯಿತು. ಮುರುಗೇಶನ ಮೊಡವೆಗಳು ಒಂದೊಂದಾಗಿ ಬಾಡಿ, ಉದುರಿ, ಮುಖ ತಿಳಿಯಾಯಿತು. "ನನ್ ಜಾಜಿಕಾಯಿ ಸುಮ್ನೆ ಅಲ್ಲ ಕಣೋ!" ಎಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಸುಬ್ಬಪ್ಪ ತನ್ನ ಮುಲಾಮಿನದೇ ಗುಣ ಎಂದ. ಇತ್ತ ಗಂಗಾಧರನ ಗದ್ದದ ಮೇಲೆ ಮೊದಲನೆಯ ಮೊಡವೆ ಎದ್ದಿತು.

ಮುರುಗೇಶನ ಸಂತೋಷಕ್ಕೆ ಪಾರವೇ ಇಲ್ಲ. ದಿನಾ ಸ್ಕೂಲಿನ ಪ್ರಾರ್ಥನೆಗೆ ನಿಂತಾಗ ಓರೆಗಣ್ಣಿನಲ್ಲಿ ಎಣಿಸುತ್ತಿದ್ದ. ಸೋಮವಾರ ಮೂರು, ಗುರುವಾರ ಏಳು. ಎಣಿಸುತ್ತಾ ಎಣಿಸುತ್ತಾ ಒಂದು ದಿನ ಅವನಿಗೆ ದಿಗ್ಗನೆ ಹೊಳೆಯಿತು. ತನಗೆ ಎದ್ದ ಜಾಗದಲ್ಲೇ ಇವನಿಗೂ ಎದ್ದಿವೆ. ದವಡೆಯ ಗೆರೆಯವರೆಗೆ ಬಂದು, ಕುತ್ತಿಗೆಗೆ ಇಳಿದಿಲ್ಲ. ಬಣ್ಣ ನಿಲ್ಲುವುದೂ ಅಲ್ಲೇ. ಸಂಜೆ ತಾಲೀಮು ಮುಗಿದ ಮೇಲೆ ಆ ಎಣ್ಣೆಯ ಬಟ್ಟಲನ್ನೂ, ಜಿಡ್ಡು ಹಿಡಿದು ಕಪ್ಪಾದ ಚಿಂದಿಯನ್ನೂ ನೋಡಿದ. ಎರಡು ವರ್ಷ ತಾನೂ ಆ ಎಣ್ಣೆಯಲ್ಲೇ ಮಲಗಿದ್ದ. ಈಗ ಮೂರು ತಿಂಗಳಿಂದ ಬಣ್ಣವಿಲ್ಲ, ಎಣ್ಣೆಯಿಲ್ಲ. ಅಜ್ಜಿಯ ಲೇಪ ತೆಗೆಯಲು ದಿನಾ ಕಡಲೆಹಿಟ್ಟು ಹಾಕಿ ಮುಖ ತೊಳೆಯುತ್ತಿದ್ದ, ಅಷ್ಟೇ. ಜಾಜಿಕಾಯಿಯೂ ಅಲ್ಲ, ಗಂಧಕವೂ ಅಲ್ಲ.

ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಭದ್ರಾವತಿಯ ಕಾರ್ಖಾನೆಯವರ ಕ್ಲಬ್ಬಿನಲ್ಲಿ ನಾಟಕ ಗೊತ್ತಾಗಿತ್ತು, ಇನ್ನು ಇಪ್ಪತ್ತೇ ದಿನ. ಮೇಷ್ಟ್ರು ಗಂಗಾಧರನ ಮುಖವನ್ನೂ ಬೆಳಕಿಗೆ ತಿರುಗಿಸಿ ನೋಡಿ ಹಲ್ಲಿ ಲೊಚಗುಟ್ಟಿದ ಹಾಗೆ ಲೊಚಗುಟ್ಟಿದ್ದರು. "ಮುರುಗೇಶ, ಯಾವುದಕ್ಕೂ ನೀನು ತಯಾರಿರು," ಎಂದಿದ್ದರು.

ಮಾರನೆಯ ಸಂಜೆ ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ಗಂಗಾಧರ ಅವನನ್ನು ತಡೆದು ನಿಲ್ಲಿಸಿದ. ಕಣ್ಣು ಕೆಂಪಾಗಿತ್ತು.

"ಮುರುಗೇಶಣ್ಣ, ನಿಂಗೂ ಹಿಂಗೇ ಆಗಿತ್ತಲ್ಲ. ಹೆಂಗೆ ವಾಸಿ ಆಯ್ತು? ಏನ್ ಹಚ್ದೆ? ನಮ್ಮೂರಲ್ಲೇ ನಾಟಕ ಕಣಣ್ಣ. ನಮ್ಮಮ್ಮ ಇಡೀ ಬೀದಿಗೆಲ್ಲ ಹೇಳ್ಕೊಂಡಿದಾಳೆ."

ಆ ಕೊನೆಯ ಮಾತು ಆಡಬಾರದಿತ್ತು. ಮುರುಗೇಶನಿಗೆ ತಾಯಿ ಇರಲಿಲ್ಲ. ಬೀದಿಗೆಲ್ಲ ಹೇಳಿಕೊಳ್ಳಲು ಅಜ್ಜಿಯೊಬ್ಬಳೇ, ಅದೂ ಜಾಜಿಕಾಯಿಯ ವಿಷಯ. ಒಳಗಿನ ಕೆಂಡ ಭುಗ್ಗೆಂದಿತು.

"ಕೊಬ್ಬರಿ ಎಣ್ಣೆ," ಎಂದ. "ಬರೀ ತಾಲೀಮಿನ ದಿನ ಅಲ್ಲ, ದಿನಾ ಸಂಜೆ ಹಚ್ಬೇಕು. ಚೆನ್ನಾಗಿ ತಿಕ್ಕಿ ಹಂಗೇ ಮಲ್ಕೋ. ನೀರು ಜಾಸ್ತಿ ಸೋಕಿಸ್ಬೇಡ."

"ಅಷ್ಟೇನಾ?"

"ಅಷ್ಟೇ."

"ನಿನ್ ಹೊಟ್ಟೆ ತಣ್ಣಗಿರ್ಲಿ ಅಣ್ಣ," ಎಂದು ಗಂಗಾಧರ ಅವನ ಕೈ ಹಿಡಿದು ಒತ್ತಿ, ರೈಲಿಗೆ ಓಡಿದ. ಮುರುಗೇಶನ ಹೊಟ್ಟೆ ತಣ್ಣಗಿರುವುದೆಲ್ಲಿಂದ ಬಂತು!

ಎರಡು ವಾರದಲ್ಲಿ ಗಂಗಾಧರನ ಮುಖ ನೋಡಲಾಗದಂತಾಯಿತು. ಮೇಷ್ಟ್ರು ಎರಡನೆಯ ಮಾತಾಡದೆ ಸೀರೆಯನ್ನು ಮುರುಗೇಶನ ಕೈಗೆ ಕೊಟ್ಟು, ನಾಟಕದ ಪುಸ್ತಕವನ್ನು ಗಂಗಾಧರನ ಕೈಗೆ ಕೊಟ್ಟರು. ಉಳಿದ ತಾಲೀಮುಗಳ ರಾತ್ರಿ ಮುರುಗೇಶ ಮನೆಗೆ ಹೋಗಿ ಗುಟ್ಟಾಗಿ ಮುಖ ತೊಳೆದುಕೊಂಡ.

ರಾತ್ರಿ ಪಾಳಿಯವರೂ ನೋಡಲಿ ಎಂದು ಭದ್ರಾವತಿಯಲ್ಲಿ ನಾಟಕವನ್ನು ಭಾನುವಾರ ಮಧ್ಯಾಹ್ನ ಇಟ್ಟಿದ್ದರು. ಕ್ಲಬ್ಬಿನ ಹಾಲ್ ಕಿಕ್ಕಿರಿದಿತ್ತು. ಬೀಡಿ ಹೊಗೆ, ಕನ್ನಡ, ತಮಿಳು, ತೆಲುಗು ಎಲ್ಲ ಬೆರೆತ ಗದ್ದಲ. ಮುರುಗೇಶ ರಂಗಕ್ಕೆ ಕಾಲಿಟ್ಟ ಕೂಡಲೇ ಅದೇ ಅಬ್ಬಬ್ಬಾ ಕೇಳಿಸಿತು. ಮೂರು ತಿಂಗಳು ಹಸಿದವನಿಗೆ ಎಲೆ ಹಾಕಿ ಬಡಿಸಿದಂತಾಯಿತು. ಮಗನನ್ನು ರಾಜ ಗಡೀಪಾರು ಮಾಡುವ ದೃಶ್ಯದಲ್ಲಿ ಅವನು ಬಾಯ್ತೆರೆದು ಗೋಳಾಡಬೇಕು. ಬಾಯಿ ತೆರೆದ. ಮಾತು ಬರಲಿಲ್ಲ. ಎರಡು ವರ್ಷದ ಬಾಯಿಪಾಠ ಎಲ್ಲಿ ಹೋಯಿತೋ! ಪರದೆಯ ಕಡೆ ಕಣ್ಣು ಹೊರಳಿಸಿದ. ಇವನು ತಡ ಮಾಡುತ್ತಾನೆ, ನಾನಾಗಿದ್ದರೆ ಮಾಡುತ್ತಿದ್ದೆ ಎಂದುಕೊಂಡ. ಅಷ್ಟರಲ್ಲೇ ಗಂಗಾಧರನ ಪಿಸುದನಿ ತಲುಪಿತ್ತು, ಒಂದು ಉಸಿರೂ ತಡವಿಲ್ಲದೆ. ಮುರುಗೇಶ ಅತ್ತ. ಆವತ್ತಿನ ಅಳುವಿನಲ್ಲಿ ಎಷ್ಟು ರಾಣಿಯದು, ಎಷ್ಟು ತನ್ನದು ಎಂದು ಅವನಿಗೇ ಗೊತ್ತಾಗಲಿಲ್ಲ.

ನಾಟಕ ಮುಗಿದ ಮೇಲೆ ಮುರುಗೇಶ ವೇಷ ಕಳಚಿ ರಾತ್ರಿ ಮಲಗಲು ಗಂಗಾಧರನ ಮನೆಯಲ್ಲೇ ಏರ್ಪಾಡು. ಕ್ಲಬ್ಬಿನ ಹಿಂದಿನ ಸಾಲಿನಲ್ಲೇ ಮನೆ. ಅವನ ತಾಯಿ ಬಸವರಾಜೇಶ್ವರಿ ಹಿತ್ತಲಲ್ಲಿ ಚಾಪೆ ಹಾಕಿ, ಒಂದು ಬಟ್ಟಲು ಎಣ್ಣೆ, ಮಡಿಸಿದ ಬಿಳಿ ಬಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು. ತನ್ನ ಮಗನ ಪಾತ್ರ ಕಿತ್ತುಕೊಂಡವನೆಂಬ ಸಿಟ್ಟು ಆ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಾಪ್ಪ, ಕೂತ್ಕೋ. ಎಷ್ಟು ಚೆನ್ನಾಗಿ ಅತ್ಯೋ ಮಾರಾಯ, ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ. ತಗೋ, ಗಾಣದಿಂದ ಹೊಸದಾಗಿ ತರಿಸಿದ ಎಣ್ಣೆ. ನೀನು ಹೇಳಿದೆ ಅಂತ ದಿನಾ ಸಂಜೆ ನಾನೇ ಕೂತು ಇವನಿಗೆ ತಿಕ್ತೀನಿ. ಇನ್ನೂ ಹಿಡೀಲಿಲ್ಲ. ಹಿಡಿಯುತ್ತೆ ಬಿಡು, ನಿಂಗೆ ಹಿಡಿದಿಲ್ವಾ?" ಎಂದವಳೇ ಒಳಕ್ಕೆ ತಿರುಗಿ ಕೂಗಿದಳು. "ಉಮಾ, ಬಾರೇ ಇಲ್ಲಿ."

ಗಂಗಾಧರನ ತಂಗಿ, ಹದಿಮೂರು ವರ್ಷದ ಹುಡುಗಿ, ಬಾಗಿಲಲ್ಲಿ ಬಂದು ನಿಂತಳು. ಹಣೆ, ಕೆನ್ನೆ ಎಲ್ಲ ಎಣ್ಣೆಯಿಂದ ಮಿರುಗುತ್ತಿತ್ತು. ಕೂದಲಂಚಿನಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆಗಳ ಸಾಲು.

"ಇವಳಿಗೆ ಒಂದೇ ಒಂದು ಎದ್ದಿತ್ತು ನೋಡು. ಮುಂಚೇನೇ ತಡೆಯೋಣ ಅಂತ ಹೋದ ವಾರದಿಂದ ಇವಳಿಗೂ ಹಚ್ತಿದೀನಿ. ಒಳ್ಳೇದು ತಾನೇ?"

ಗಂಗಾಧರ ಎಣ್ಣೆಯ ಬಟ್ಟಲು ಎತ್ತಿ ಅವನ ಮುಂದೆ ಹಿಡಿದ. ಅತ್ತ ದರಿ, ಇತ್ತ ಪುಲಿ. ಈ ಎಣ್ಣೆ ಬಳಿದು ಮಲಗಿದರೆ ಸುಳ್ಳು ಉಳಿಯುತ್ತದೆ, ಆದರೆ ಮುಖ ಹೋಗುತ್ತದೆ, ಮುಖದ ಜೊತೆ ಪಾತ್ರವೂ. ನೀರು ಕೇಳಿದರೆ ಮುಖ ಉಳಿಯುತ್ತದೆ, ಆದರೆ ಸುಳ್ಳು ಇಲ್ಲೇ, ಈ ತಾಯಿಯ ಎದುರಿಗೇ ಬಯಲಾಗುತ್ತದೆ. ಎಣ್ಣೆಯನ್ನೇ ಬಳಿದುಕೊಂಡುಬಿಡೋಣ ಎಂದು ಬೆರಳು ಅದ್ದಿಯೂ ಬಿಟ್ಟಿದ್ದ. ಆದರೆ ಆ ಹುಡುಗಿ ಅಲ್ಲೇ ನಿಂತಿದ್ದಳು, ಅವನು ಏನು ಹೇಳಿದರೂ ನಂಬುವಂತೆ.

"ಅಮ್ಮ," ಎಂದ. ಮಡಿಸಿದ ಬಟ್ಟೆಗೆ ಬೆರಳು ಒರೆಸಿಕೊಂಡ. "ಅಮ್ಮ, ಒಂದು ಚೊಂಬು ಬಿಸಿನೀರು, ಒಂಚೂರು ಕಡಲೆಹಿಟ್ಟು ಕೊಡ್ತೀರಾ? ಅವಳ ಮುಖಾನೂ ತೊಳೀರಿ. ಎಣ್ಣೆ ಹಚ್ಬೇಡಿ. ಯಾರಿಗೂ ಹಚ್ಬೇಡಿ."

"ಮತ್ತೆ ನೀನೇ ಹೇಳಿದ್ದಂತಲ್ಲಪ್ಪ?"

"ಸುಳ್ಳು ಹೇಳಿದ್ದೆ. ಎಣ್ಣೆಯಿಂದಲೇ ಮೊಡವೆ ಬರೋದು. ನಂಗೆ ಗೊತ್ತಿತ್ತು."

ಬಸವರಾಜೇಶ್ವರಿ ಅವನನ್ನು ನೋಡಿದಳು, ಮಗನ ಮುಖವನ್ನು ನೋಡಿದಳು, ದಿನಾ ತಿಕ್ಕಿದ ತನ್ನ ಅಂಗೈಗಳನ್ನು ನೋಡಿಕೊಂಡಳು. ಮಗಳ ಕೈ ಹಿಡಿದುಕೊಂಡು ದಡದಡನೆ ಬಚ್ಚಲಿಗೆ ಹೋದಳು. ಒಳಗಿನಿಂದ ನೀರು ಸುರಿಯುವ ಸದ್ದು ಕೇಳಿಸಿತು.

ಗಂಗಾಧರ ಎಣ್ಣೆಯ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. ಹೊಡೆಯುತ್ತಾನೆಂದು ಮುರುಗೇಶ ಕಣ್ಣು ಮುಚ್ಚಿಕೊಂಡ. ಹೊಡೆತ ಬೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟರೆ, ಹಬೆಯಾಡುವ ಚೊಂಬು ಹಿಡಿದು ಗಂಗಾಧರ ಮುಂದೆ ನಿಂತಿದ್ದ.

"ಬಗ್ಗು," ಎಂದ.

ಮುರುಗೇಶ ಬಗ್ಗಿದ. ಗಂಗಾಧರ ನೀರು ಹೊಯ್ದ. ನೀರು ಬೇಕಾದ್ದಕ್ಕಿಂತ ಬಿಸಿಯಾಗಿತ್ತು, ಮುರುಗೇಶ ತಾಳಿಕೊಂಡ. ಬಿಳಿಯ ಬಣ್ಣ, ಕಾಡಿಗೆ, ಕುಂಕುಮ ಎಲ್ಲ ಕಲಸಿಕೊಂಡು ಹಿತ್ತಲ ಮಣ್ಣಿಗೆ ಇಳಿಯಿತು.

"ಇದಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದ ಗಂಗಾಧರ.

"ನಂಗೆ ಮೂರು ತಿಂಗಳು ಹಿಡೀತು."

"ಹಂಗಾದ್ರೆ ಯುಗಾದಿ ಹೊತ್ತಿಗೆ ಸರಿಹೋಗುತ್ತೆ. ಯುಗಾದಿ ನಾಟಕಕ್ಕೆ ರಾಣಿ ನಾನು. ನೀನೇ ಮೇಷ್ಟ್ರಿಗೆ ಹೇಳ್ಬೇಕು." ಚೊಂಬಿನಲ್ಲಿ ಉಳಿದ ನೀರನ್ನು ತನ್ನ ಮುಖಕ್ಕೆ ಎರಚಿಕೊಂಡು ಅವನು ಕೇಳಿದ, "ಹೇಳ್ತೀಯೋ ಇಲ್ವೋ?"

"ಹೇಳ್ತೀನಿ," ಎಂದ ಮುರುಗೇಶ.

ಹಾಗೆಂದವನು ಒದ್ದೆ ಕಣ್ಣಿನಲ್ಲಿ ತಲೆ ಎತ್ತಿದ. ಗಂಗಾಧರ ಊದಿದ ಗದ್ದಕ್ಕೆ ಕಡಲೆಹಿಟ್ಟು ತಿಕ್ಕುತ್ತಿದ್ದ. ಮೊಡವೆಗಳ ನಡುವೆಯೂ ಆ ಮುಖ ತನ್ನದಕ್ಕಿಂತ ಚೆಂದವಿತ್ತು. ಅದನ್ನು ಕಂಡು ಒಳಗಿನ ಕೆಂಡ ಮತ್ತೆ ಮಿನುಗಿತು. ಆದರೂ ಅವನು ಎದ್ದು ಹೋಗಿ ಹಂಡೆಯಿಂದ ಇನ್ನೊಂದು ಚೊಂಬು ನೀರು ತುಂಬಿಕೊಂಡು ಬಂದ. ಬಿಸಿ ಸರಿಯಾಗಿದೆಯೇ ಎಂದು ಬೆರಳು ಅದ್ದಿ ನೋಡಿ, ಗಂಗಾಧರನ ಕೈಗೆ ಹೊಯ್ದ.